ಆಶ್ರಿತನ ಹಗಲು

ಪಟ್ಟಣದಲ್ಲಿ ಉದ್ಯೋಗಸ್ಥನಾಗಿರುವ ನನ್ನ ಮಗನು ಕಳೆದ ತಿಂಗಳು ದೂರವಾಣಿಯಲ್ಲಿ ಕ್ಷೇಮಸಮಾಚಾರವನ್ನೆಲ್ಲ ಹೇಳಿ ಮುಗಿಸಿದ ಮೇಲೆ ಒಂದು ಪ್ರಶ್ನೆಯನ್ನು ಕೇಳಿದನು. "ಅಪ್ಪಾ, ಮಗು ನಾಯಿಮರಿ ಬೇಕೆಂದು ಹಟ ಹಿಡಿದಿದ್ದಾಳೆ. ನಾವಿಬ್ಬರೂ ಬೆಳಗ್ಗೆ ಹೋದರೆ ಸಂಜೆ ಬರುವವರು. ತರಬಹುದೋ, ಬಾರದೋ? ನೀವು ಹೇಳಿದಂತೆ ಮಾಡುತ್ತೇವೆ" ಎಂದನು. ಪ್ರಶ್ನೆಯು ಸಣ್ಣದು, ತಂದೆಯು ಹೌದೆಂದೋ ಅಲ್ಲವೆಂದೋ ಒಂದು ಮಾತಿನಲ್ಲಿ ಮುಗಿಸಬಹುದಾದದ್ದು. ಆದರೆ ನನಗೆ ಆ ಕ್ಷಣದಲ್ಲಿ ಉತ್ತರವು ಹೊರಡಲಿಲ್ಲ. "ಯೋಚಿಸಿ ಹೇಳುತ್ತೇನೆ" ಎಂದು ಹೇಳಿ ಸುಮ್ಮನಾದೆನು. ಹಾಗೆ ಯೋಚಿಸಿದುದರ ಫಲವೇ ಈ ಲೇಖನ. ಇಂದು ಗಂಡಹೆಂಡಿರಿಬ್ಬರೂ ದುಡಿಯುವ ಮನೆಗಳು ಊರೂರಿನಲ್ಲಿಯೂ ಇರುವುದರಿಂದ ಇದು ನನ್ನ ಮಗನೊಬ್ಬನ ಪ್ರಶ್ನೆಯಲ್ಲವೆಂದು ತಿಳಿದು ವಾಚಕರ ಮುಂದಿಡುತ್ತಿದ್ದೇನೆ.

ನಾಯಿಯ ವಿಷಯವೆಂದರೆ ನಮ್ಮ ಕಡೆಯ ವಿದ್ವಾಂಸರಿಗೆ ಕೂಡಲೇ ನೆನಪಿಗೆ ಬರುವುದು ಮಹಾಪ್ರಸ್ಥಾನ ಪರ್ವ. ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದ ಮೇಲೆ ಧರ್ಮರಾಯನ ಹಿಂದೆ ಉಳಿದದ್ದು ಒಂದು ನಾಯಿ. ಅದನ್ನು ಬಿಟ್ಟರೆ ಸ್ವರ್ಗ, ಬಿಡದಿದ್ದರೆ ಇಲ್ಲ ಎಂದು ಇಂದ್ರನು ಹೇಳಿದಾಗ, ನಂಬಿದವನನ್ನು ಬಿಟ್ಟು ಬರುವ ಸ್ವರ್ಗವು ತನಗೆ ಬೇಡವೆಂದು ಆತನು ನಿಂತನು. ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿರುವೆನೋ ಲೆಕ್ಕವಿಲ್ಲ. ಆದರೆ ಭಾರತದ ಕೊನೆಯಲ್ಲಿ ನಾಯಿಯೊಂದು ಇರುವಂತೆ ಅದರ ಆರಂಭದಲ್ಲಿಯೂ ಒಂದು ನಾಯಿಮರಿಯಿದೆ ಎಂಬುದನ್ನು ಬಹುಮಂದಿ ಮರೆಯುತ್ತಾರೆ. ಜನಮೇಜಯನ ಸತ್ರಕ್ಕೆ ದೇವಶುನಿಯಾದ ಸರಮೆಯ ಮರಿಯು ಬಂದಿತು. ಅರಸನ ತಮ್ಮಂದಿರು ಮೂವರು ಅದನ್ನು ಹೊಡೆದಟ್ಟಿದರು. ಮರಿಯು ಅಳುತ್ತ ತಾಯಿಯ ಬಳಿಗೆ ಹೋಯಿತು. ಸರಮೆಯು ಬಂದು, ಇವನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ. ಏಕೆ ಹೊಡೆದಿರಿ ಎಂದು ಕೇಳಿದಳು. ಅವರು ಉತ್ತರವನ್ನೇ ಕೊಡಲಿಲ್ಲ. ಕಾಣದ ಕಡೆಯಿಂದ ನಿಮಗೆ ಭಯವು ಬರಲಿ ಎಂದು ಆಕೆಯು ಶಪಿಸಿದಳು. ಅಷ್ಟು ದೊಡ್ಡ ಯಜ್ಞವನ್ನು ನಡೆಸುತ್ತಿದ್ದ ಅರಸನು ಅದನ್ನು ಕೇಳಿ ಕಳವಳಗೊಂಡು, ಶಾಂತಿ ಮಾಡಿಸಲು ತಕ್ಕ ಪುರೋಹಿತನನ್ನು ಹುಡುಕಿಕೊಂಡು ಹೊರಟನು.

ಈ ಎರಡು ಕಥೆಗಳನ್ನೂ ಒಟ್ಟಿಗೆ ನೋಡಿದರೆ ಒಂದು ಭೇದವು ತೋರುತ್ತದೆ. ಧರ್ಮರಾಯನ ನಾಯಿ ತಾನಾಗಿ ಹಿಂದೆ ಬಂದದ್ದು. ಸರಮೆಯ ಮರಿಯೂ ಯಾರೂ ಕರೆಯದೆ ಬಂದದ್ದು. ತಾನಾಗಿ ಬಂದ ಪ್ರಾಣಿಯ ವಿಷಯದಲ್ಲಿಯೇ ಬಿಟ್ಟರೆ ಪಾಪ, ಹೊಡೆದರೆ ಶಾಪ ಎಂದು ಹಿರಿಯರು ತಿಳಿದರು. ಹಾಗಾದರೆ ನಾವಾಗಿ ಹೋಗಿ, ತಾಯಿಯ ಮಗ್ಗುಲಿನಿಂದ ಎತ್ತಿ, ಹಣ ಕೊಟ್ಟೋ ಕೇಳಿಯೋ ತಂದ ಮರಿಯ ವಿಷಯದಲ್ಲಿ ನಮ್ಮ ಹೊಣೆಯು ಎಷ್ಟಿರಬೇಕು? ಅದು ನಮ್ಮನ್ನು ಆಶ್ರಯಿಸಲಿಲ್ಲ. ನಾವು ಅದನ್ನು ಆಶ್ರಿತನನ್ನಾಗಿ ಮಾಡಿಕೊಂಡೆವು. ಆಶ್ರಯವನ್ನು ಬೇಡಿದವನಿಗೆ ಕೊಡುವುದು ದಯೆ. ಬೇಡದವನನ್ನು ಆಶ್ರಿತನನ್ನಾಗಿ ಮಾಡಿಕೊಂಡ ಮೇಲೆ ಕೊಡುವುದು ಋಣ. ದಯೆಯಲ್ಲಿ ಕಡಮೆಯಾದರೆ ಕ್ಷಮೆಯುಂಟು. ಋಣದಲ್ಲಿ ಕಡಮೆಯಾದರೆ ಲೆಕ್ಕವುಂಟು.

ಪೂರ್ವಮೀಮಾಂಸೆಯಲ್ಲಿ ಅಧಿಕಾರವೆಂಬುದೊಂದು ವಿಚಾರವಿದೆ. ಕರ್ಮವೊಂದನ್ನು ಮಾಡಲು ಯಾರು ಯೋಗ್ಯರು ಎಂಬುದು ಅಲ್ಲಿಯ ಪ್ರಶ್ನೆ. ಅಧಿಕಾರಿಯು ಅರ್ಥಿಯಾಗಿರಬೇಕು, ಸಮರ್ಥನಾಗಿರಬೇಕು, ವಿದ್ವಾಂಸನಾಗಿರಬೇಕು ಎಂದು ಹೇಳುತ್ತಾರೆ. ಎಂದರೆ, ಬೇಕೆಂಬ ಬಯಕೆಯಿರಬೇಕು, ನಡೆಸುವ ಶಕ್ತಿಯಿರಬೇಕು, ಹೇಗೆ ನಡೆಸಬೇಕೆಂಬ ತಿಳಿವಳಿಕೆಯಿರಬೇಕು. ಪಾಠಶಾಲೆಯಲ್ಲಿ ಇದನ್ನು ಓದುವಾಗ ಇದು ಯಾಗಕ್ಕೆ ಮಾತ್ರ ಸಂಬಂಧಿಸಿದ್ದೆಂದು ನಾನು ತಿಳಿದಿದ್ದೆ. ಈಗ ನೋಡಿದರೆ ನಾಯಿಮರಿಯೊಂದನ್ನು ಮನೆಗೆ ತರುವುದಕ್ಕೂ ಇದಕ್ಕಿಂತ ಉತ್ತಮವಾದ ಅಳತೆಗೋಲು ಇನ್ನೊಂದಿಲ್ಲವೆಂದು ತೋರುತ್ತದೆ.

ಮೊದಲನೆಯದಾದ ಬಯಕೆಯ ಮಾತು ಬೇಗ ಮುಗಿಯುತ್ತದೆ. ಮರಿಯನ್ನು ಕಂಡು ಬೇಡವೆನ್ನುವ ಮಗು ಎಲ್ಲಿಯೂ ಇಲ್ಲ, ದೊಡ್ಡವರೂ ಅಪರೂಪ. ಆದರೆ ಮಗುವಿನ ಬಯಕೆಯನ್ನು ಸಂಕಲ್ಪವೆಂದು ಎಣಿಸುವಂತಿಲ್ಲ. ನಾಯಿಯ ಆಯುಸ್ಸು ಸಾಮಾನ್ಯವಾಗಿ 10ರಿಂದ 14 ವರ್ಷ. ಇಂದು ಎಂಟು ವರ್ಷದ ಮಗುವು ಆಗ ಕಾಲೇಜಿನಲ್ಲಿಯೋ ಪರಸ್ಥಳದಲ್ಲಿಯೋ ಇರುತ್ತದೆ. ಮುದಿ ನಾಯಿಯನ್ನು ಪಶುವೈದ್ಯರ ಬಳಿಗೆ ಎತ್ತಿಕೊಂಡು ಹೋಗುವವರು ತಂದೆತಾಯಿಗಳೇ. ಆದುದರಿಂದ ಸಂಕಲ್ಪವು ಅವರದ್ದಾಗಿರಬೇಕು. ಮಗುವಿಗೆ ಪಾಠ ಕಲಿಸುವುದಕ್ಕಾಗಿ ಮರಿಯನ್ನು ತರುತ್ತೇವೆ ಎಂಬುವರೂ ಉಂಟು. ಜೀವವಿರುವ ಪ್ರಾಣಿಯು ಪಾಠದ ಸಲಕರಣೆಯಲ್ಲ. ಪಾಠವು ತಪ್ಪಿದರೆ ಶಿಕ್ಷೆಯು ಅದಕ್ಕೆ ಆಗುತ್ತದೆ.

ಎರಡನೆಯದಾದ ಸಾಮರ್ಥ್ಯದಲ್ಲಿಯೇ ವಿಷಯದ ಗಂಟು ಇರುವುದು. ಇಲ್ಲಿ ಸಾಮರ್ಥ್ಯವೆಂದರೆ ಹಣವಷ್ಟೇ ಅಲ್ಲ, ಹೊತ್ತು. ಇದನ್ನು ನಾನು ಗ್ರಂಥದಿಂದ ಕಲಿತದ್ದಲ್ಲ. ತಪ್ಪು ಮಾಡಿ ಕಲಿತದ್ದು. ಮೂವತ್ತೈದು ವರ್ಷಗಳಿಗೂ ಹಿಂದೆ, ನಾನು ತಾಲ್ಲೂಕಿನ ಊರೊಂದರಲ್ಲಿ ಉಪಾಧ್ಯಾಯನಾಗಿದ್ದಾಗ, ನನ್ನ ಹೆಂಡತಿಯು ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮನೆಯು ಬಿಕೋ ಎನ್ನುತ್ತಿತ್ತು. ವಿದ್ಯಾರ್ಥಿಯೊಬ್ಬನು ಒಂದು ಕಂದುಬಣ್ಣದ ಮರಿಯನ್ನು ತಂದು, "ಮೇಷ್ಟ್ರೇ, ನಿಮಗೆ ಜೊತೆಗಿರಲಿ" ಎಂದು ಕೊಟ್ಟನು. ನಾನು ಸಂತೋಷದಿಂದ ಇಟ್ಟುಕೊಂಡೆ. ಬೆಳಗ್ಗೆ ಹಾಲನ್ನ ಹಾಕಿ, ಜಗಲಿಯ ಕಂಬಕ್ಕೆ ಹಗ್ಗದಿಂದ ಕಟ್ಟಿ, ಬಟ್ಟಲಿನಲ್ಲಿ ನೀರಿಟ್ಟು ಹತ್ತು ಗಂಟೆಗೆ ಶಾಲೆಗೆ ಹೊರಡುವೆನು, ಐದೂವರೆಗೆ ಹಿಂದಿರುಗುವೆನು. ಮೊದಲ ವಾರ ನೆರೆಮನೆಯ ಅಜ್ಜಿಯು, "ನಿಮ್ಮ ಮರಿ ಹಗಲೆಲ್ಲ ಅತ್ತುಕೊಳ್ಳುತ್ತದಪ್ಪಾ" ಎಂದರು. ರೂಢಿಯಾಗುತ್ತದೆ ಎಂದೆನು. ಮೂರನೆಯ ವಾರಕ್ಕೆ ಅದು ಅಳುವುದನ್ನು ನಿಲ್ಲಿಸಿತು. ನಾನು ಬಂದಾಗ ಏಳುತ್ತಲೂ ಇರಲಿಲ್ಲ; ಕಣ್ಣೆತ್ತಿ ನೋಡಿ ಮತ್ತೆ ತಲೆಯನ್ನು ಇಡುತ್ತಿತ್ತು. ಬಟ್ಟಲು ಎಷ್ಟೋ ದಿನ ಉರುಳಿಬಿದ್ದಿರುತ್ತಿತ್ತು. ಹಗ್ಗವು ಕಂಬಕ್ಕೆ ಸುತ್ತಿಕೊಂಡು ಗೇಣುದ್ದ ಉಳಿದಿರುತ್ತಿತ್ತು. ಆದರೂ ನಾನು, ಮರಿಯು ಬುದ್ಧಿ ಕಲಿಯಿತು ಎಂದು ಸಹೋದ್ಯೋಗಿಗಳ ಮುಂದೆ ಹೇಳಿಕೊಂಡೆನು!

ಹೆಂಡತಿಯು ಕೂಸಿನೊಡನೆ ಬಂದ ಮೇಲೆ ಅದನ್ನು ಹಳ್ಳಿಯ ರೈತರೊಬ್ಬರಿಗೆ ಕೊಟ್ಟೆವು. ಆರು ತಿಂಗಳ ಬಳಿಕ ಆ ದಾರಿಯಲ್ಲಿ ಹೋದಾಗ ಅದನ್ನು ನೋಡಿದೆನು. ಹೊಲದ ಬದುವಿನ ಮೇಲೆ ಕುರಿಮರಿಗಳೊಡನೆ ಓಡುತ್ತಿತ್ತು. ಯಜಮಾನನು ಸಿಳ್ಳು ಹಾಕಿದರೆ ಬಾಣದಂತೆ ಬರುತ್ತಿತ್ತು. ನನ್ನನ್ನು ಕಂಡು ದೂರದಲ್ಲಿ ನಿಂತಿತು. ಕರೆದೆನು, ಬರಲಿಲ್ಲ. ಆಗ ನನಗೆ ತಿಳಿಯಿತು, ಅಳುವುದನ್ನು ನಿಲ್ಲಿಸುವುದು ಬೇರೆ, ಸಮಾಧಾನ ಹೊಂದುವುದು ಬೇರೆ. ನಾನು ಅದನ್ನು ಎಂದೂ ಹೊಡೆದವನಲ್ಲ. ಒಂದು ಹೊತ್ತೂ ಉಪವಾಸ ಕೆಡವಿದವನಲ್ಲ. ಆದರೂ ಬಿಟ್ಟಿದ್ದೆನು. ಬೀದಿಯಲ್ಲಿ ಬಿಡುವುದೊಂದು ತ್ಯಾಗ. ಮನೆಯೊಳಗೇ ಇರಿಸಿಕೊಂಡು ಬಿಡುವುದು ಇನ್ನೊಂದು. ಮೊದಲನೆಯದು ಊರಿಗೆ ಕಾಣುತ್ತದೆ. ಎರಡನೆಯದು ಮಾಡಿದವನಿಗೂ ಕಾಣುವುದಿಲ್ಲ.

ಈ ಎರಡನೆಯ ತ್ಯಾಗವನ್ನು ನಮ್ಮ ದೇಶದ ಕಾನೂನು ಕೂಡ ಗುರುತಿಸಿದೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ಓಡಾಟವನ್ನು ಒದಗಿಸದ ಒಡೆಯನು ತಪ್ಪಿತಸ್ಥನೆಂದು ಬೇರೆಯಾಗಿಯೇ ಹೇಳಿದೆ. 2017ರ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ವಿಧಿಸಿವೆ. ಕಾನೂನು ಹೇಳುವುದು ಕನಿಷ್ಠವನ್ನು ಮಾತ್ರ. ಆ ಕನಿಷ್ಠವನ್ನೂ ನಾನು ಅಂದು ಮುಟ್ಟಿರಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. "ಹಾಗಾದರೆ ದುಡಿದು ತಿನ್ನುವವರು ನಾಯಿ ಸಾಕಲೇಬಾರದೋ? ಕೆಲಸವಿಲ್ಲದವರಿಗೆ ಮಾತ್ರವೇ ಈ ಅಧಿಕಾರವೋ? ಹಿಂದಿನ ರೈತರು ಹಗಲೆಲ್ಲ ದುಡಿಯುತ್ತಿರಲಿಲ್ಲವೇ? ಅವರ ಮನೆಯಲ್ಲಿ ನಾಯಿಗಳಿರಲಿಲ್ಲವೇ?" ಎಂದು ಕೇಳಬಹುದು. ಆಕ್ಷೇಪವು ನ್ಯಾಯವಾದದ್ದೇ. ಆದರೆ ರೈತನ ನಾಯಿ ರೈತನೊಡನೆ ಹೊಲಕ್ಕೆ ಹೋಗುತ್ತಿತ್ತು. ಕುರುಬನ ನಾಯಿ ಮಂದೆಯೊಡನೆ ನಡೆಯುತ್ತಿತ್ತು. ಹಟ್ಟಿಯಲ್ಲಿ ಮುದುಕರೋ ಮಕ್ಕಳೋ ಸದಾ ಇರುತ್ತಿದ್ದರು. ಒಡೆಯನ ದುಡಿಮೆಯೇ ನಾಯಿಯ ದಿನಚರಿಯಾಗಿತ್ತು. ಇಂದಿನ ಕಚೇರಿಗೆ ನಾಯಿಯು ಬರುವಂತಿಲ್ಲ, ಮನೆಯಲ್ಲಿ ಯಾರೂ ಇಲ್ಲ, ಬಾಗಿಲಿಗೆ ಬೀಗ. ಬದಲಾಗಿರುವುದು ದುಡಿಮೆಯಲ್ಲ, ಹಗಲಿನ ರೂಪ. ಬೇಟೆಗಾಗಿಯೂ ಓಟಕ್ಕಾಗಿಯೂ ಬೆಳೆದು ಬಂದ ನಮ್ಮ ಮುಧೋಳದ ನಾಯಿಯಂಥದನ್ನು ಮೂರನೆಯ ಅಂತಸ್ತಿನ ಎರಡು ಕೋಣೆಗಳಲ್ಲಿ ಹಗಲೆಲ್ಲ ಕೂಡಿಹಾಕುವುದು ಹೊಳೆಯ ಮೀನನ್ನು ಬಿಂದಿಗೆಯಲ್ಲಿಟ್ಟಂತೆ. 2020ರಲ್ಲಿ ಮಹಾಮಾರಿಯ ನಿಮಿತ್ತವಾಗಿ ಎಲ್ಲರೂ ಮನೆಯಲ್ಲಿ ಕುಳಿತಾಗ ಎಷ್ಟೋ ಮನೆಗಳಿಗೆ ಮರಿಗಳು ಬಂದವು. ಕಚೇರಿಗಳು ಮತ್ತೆ ತೆರೆದಾಗ ಆ ನಾಯಿಗಳಿಗೆ ಒಂಟಿಯಾಗಿರುವುದು ಏನೆಂದೇ ತಿಳಿದಿರಲಿಲ್ಲ. ಒಡೆಯರ ಪ್ರೀತಿಯು ಸುಳ್ಳಾಗಿರಲಿಲ್ಲ. ಅವರು ಅಂದಿನ ಹಗಲನ್ನು ಕಂಡರೇ ಹೊರತು ಮುಂದಿನ ಹಗಲನ್ನು ಎಣಿಸಿರಲಿಲ್ಲ.

"ಆಳನ್ನು ಇಟ್ಟರಾಯಿತು" ಎಂಬುದು ಇನ್ನೊಂದು ಮಾತು. ಇದನ್ನೂ ತಳ್ಳಿಹಾಕಲಾಗದು. ಯಾಗದಲ್ಲಿ ಯಜಮಾನನು ಋತ್ವಿಜರನ್ನು ವರಿಸಿ ದಕ್ಷಿಣೆಯನ್ನು ಕೊಟ್ಟು ಕೆಲಸವನ್ನು ಮಾಡಿಸುತ್ತಾನೆ. ಅದರಿಂದ ಯಾಗವು ಅವನದಲ್ಲದೆ ಹೋಗುವುದಿಲ್ಲ. ಆದರೆ ಸಂಕಲ್ಪವನ್ನೂ ದ್ರವ್ಯತ್ಯಾಗವನ್ನೂ ಅವನೇ ಮಾಡಬೇಕು. ಹಾಗೆಯೇ ಮಧ್ಯಾಹ್ನದ ಊಟವನ್ನೂ ಒಂದು ಸುತ್ತು ನಡಿಗೆಯನ್ನೂ ಸಂಬಳ ಕೊಟ್ಟು ಮಾಡಿಸಬಹುದು. ಬೆಳಗಿನ ಹೊತ್ತನ್ನೂ ಸಂಜೆಯ ಹೊತ್ತನ್ನೂ ಕೊಡಬೇಕಾದವನು ಒಡೆಯನೇ. ತನ್ನದಾದ ಹೊತ್ತಿನಲ್ಲಿ ಒಂದಿಷ್ಟನ್ನು "ಇದು ನನ್ನದಲ್ಲ" ಎಂದು ಬಿಟ್ಟುಕೊಡದಿದ್ದರೆ ಅದು ಸಾಕಣೆಯಲ್ಲ, ಇರಿಸಿಕೊಳ್ಳುವಿಕೆ.

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ಶಿಲಾಸಾಕ್ಷ್ಯವಿದೆ. ಕ್ರಿ. ಶ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಆ ಸಂದರ್ಭದಲ್ಲಿ ಶೌರ್ಯವನ್ನು ಮೆರೆದ ತನ್ನ ಸೇವಕನಾದ ಮಣಲೇರನಿಗೆ, ಬೇಕಾದುದನ್ನು ಕೇಳು ಎಂದನು. ಮಣಲೇರನು ಕೇಳಿದ್ದು ಕಾಳಿಯೆಂಬ ಬೇಟೆಯ ನಾಯಿಯನ್ನು. ಆ ನಾಯಿಯು ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂದು ಕಟ್ಟುಮಾಡಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾನು ಅಲ್ಲಿ ನಿಂತು ನೋಡಿದಾಗ ನನ್ನ ಮನಸ್ಸಿಗೆ ಹಿಡಿದದ್ದು ನಾಯಿಯ ಶೌರ್ಯಕ್ಕಿಂತ ಆ ಕಟ್ಟಳೆ. ಸತ್ತ ನಾಯಿಯ ಕಲ್ಲಿಗೂ ಆ ಜನರು ಮೂರನ್ನು ಗೊತ್ತುಮಾಡಿದರು: ನೋಡಿಕೊಳ್ಳುವವನು ಇಂಥವನು, ಅವನ ಜೀವನಕ್ಕೆ ಇಂಥದು, ಅವನ ಊಟಕ್ಕಿಂತ ಅದರ ಪೂಜೆ ಮುಂಚೆ. ಬದುಕಿರುವ ಮರಿಯನ್ನು ತರುವವರು ಇವುಗಳಲ್ಲಿ ಒಂದನ್ನಾದರೂ ಗೊತ್ತುಮಾಡದೆ ತರುವುದನ್ನು ನಾವು ಕಾಣುತ್ತೇವೆ.

ಇನ್ನು ಮೂರನೆಯದಾದ ತಿಳಿವಳಿಕೆ. ಇದನ್ನು ಪಶುವೈದ್ಯರಿಂದಲೂ ಪುಸ್ತಕಗಳಿಂದಲೂ ನಾನು ಈ ಒಂದು ತಿಂಗಳಲ್ಲಿ ಸಂಗ್ರಹಿಸಿದೆನು. ಎಂಟು ವಾರಕ್ಕೆ ಮುಂಚೆ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಕಚ್ಚುವುದಕ್ಕೆ ಮಿತಿಯೆಷ್ಟು ಎಂಬುದನ್ನು ಅದು ಒಡಹುಟ್ಟಿದವರಿಂದಲೇ ಕಲಿಯುತ್ತದೆ. ಮೂರನೆಯ ವಾರದಿಂದ ಹೆಚ್ಚು ಕಡಮೆ ಹದಿಮೂರು ಹದಿನಾಲ್ಕನೆಯ ವಾರದವರೆಗೆ ಲೋಕವನ್ನು ಪರಿಚಯ ಮಾಡಿಕೊಳ್ಳುವ ಕಾಲ. ಆಗ ಜನರನ್ನೂ ಶಬ್ದಗಳನ್ನೂ ವಾಹನಗಳನ್ನೂ ಕಾಣದ ಮರಿಯು ಮುಂದೆ ಅಂಜುಗುಳಿಯಾಗುತ್ತದೆ. ಆರರಿಂದ ಎಂಟು ವಾರಗಳಲ್ಲಿ ಆರಂಭವಾಗುವ ಲಸಿಕೆಗಳು ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರನೆಯ ವಾರದವರೆಗೆ ನಡೆಯುತ್ತವೆ. ಮೂರು ತಿಂಗಳ ಹೊತ್ತಿಗೆ ಹುಚ್ಚುನಾಯಿ ರೋಗದ ಲಸಿಕೆ. ಪಾರ್ವೋ ಎಂಬ ಕರುಳುಬೇನೆಯು ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲಬಲ್ಲದು. ಆದುದರಿಂದ ಲಸಿಕೆ ಮುಗಿಯುವವರೆಗೆ ಬೀದಿಯ ನೆಲದ ಮೇಲೆ ಬಿಡದೆ ತೋಳಿನಲ್ಲಿ ಎತ್ತಿಕೊಂಡು ಲೋಕವನ್ನು ತೋರಿಸಬೇಕು. ಇದಕ್ಕೂ ಬೇಕಾದುದು ಹೊತ್ತೇ.

ಎರಡು ತಿಂಗಳ ಮರಿಯು ಹಗಲಿನಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ಕಾಲ ಮೂತ್ರವನ್ನು ತಡೆಯಲಾರದು. ವಯಸ್ಸಿನ ತಿಂಗಳಿಗೆ ಒಂದನ್ನು ಕೂಡಿಸಿದರೆ ಬರುವಷ್ಟು ಗಂಟೆ ಎಂಬುದು ಸ್ಥೂಲವಾದ ಲೆಕ್ಕ. ಅದೂ ಮೇಲಿನ ಮಿತಿ. ನಾಲ್ಕು ತಿಂಗಳವರೆಗೆ ದಿನಕ್ಕೆ ಮೂರು ನಾಲ್ಕು ಸಲ ಊಟ. ಒಂಬತ್ತು ಗಂಟೆ ಬೀಗ ಹಾಕಿದ ಮನೆಯಲ್ಲಿ ಇವೆರಡೂ ನಡೆಯಲಾರವು. ನೆಲ ಹೊಲಸಾಯಿತೆಂದು ಸಂಜೆ ಗದರಿಸುವುದು ನಮ್ಮ ಲೆಕ್ಕದ ತಪ್ಪಿಗೆ ಅದನ್ನು ದಂಡಿಸಿದಂತೆ. ನಾಲ್ಕನೆಯ ತಿಂಗಳ ಹೊತ್ತಿಗೆ 28 ಹಾಲುಹಲ್ಲುಗಳು ಬೀಳತೊಡಗಿ 42 ಹಲ್ಲುಗಳು ಹುಟ್ಟುವ ನವೆಯಲ್ಲಿ ಚಪ್ಪಲಿಯೂ ಒಂದೇ, ವಿದ್ಯುತ್ತಿನ ತಂತಿಯೂ ಒಂದೇ. ಆದುದರಿಂದ ಮರಿಯು ಬರುವ ಮುಂಚೆಯೇ ತಂತಿಗಳನ್ನು ಮೇಲೆ ಕಟ್ಟಿ, ಒಂದು ಮೂಲೆಗೆ ತಡಿಕೆ ಹಾಕಿ, ಹಾಸಿಗೆ, ನೀರು, ಅಗಿಯಲು ತಕ್ಕ ವಸ್ತುಗಳನ್ನು ಅಲ್ಲಿಡಬೇಕು. ನಮ್ಮ ಅಡಿಗೆಮನೆಯ ಬಗ್ಗೆ ಒಂದು ಎಚ್ಚರಿಕೆ. ಉಳಿದ ಹುಳಿಯನ್ನೋ ಪಲ್ಯವನ್ನೋ ನಾಯಿಗೆ ಹಾಕುವುದು ನಮ್ಮಲ್ಲಿ ರೂಢಿ. ಆದರೆ ಈರುಳ್ಳಿಯು ನಾಯಿಯ ರಕ್ತವನ್ನು ಕೆಡಿಸುತ್ತದೆ, ದ್ರಾಕ್ಷಿಯು ಮೂತ್ರಪಿಂಡಗಳನ್ನು ಹಾಳುಮಾಡಬಲ್ಲದು, ಮಗುವು ಪ್ರೀತಿಯಿಂದ ಕೊಡುವ ಚಾಕೊಲೇಟ್ ಅದಕ್ಕೆ ವಿಷ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂಟಿತನವನ್ನು ಕಲಿಸುವ ಕ್ರಮ. ಮಕ್ಕಳಿಗೆ ಮೊದಲ ದಿನವೇ ಕಾವ್ಯವನ್ನು ಕೊಡುತ್ತೇವೆಯೇ? ಅಕ್ಷರದಿಂದ ಆರಂಭಿಸುತ್ತೇವೆ. ಹಾಗೆಯೇ ಮೊದಲು ಒಂದು ನಿಮಿಷ ಬಾಗಿಲಿನ ಆಚೆ ಹೋಗಿ ಬರಬೇಕು. ಬಳಿಕ ಐದು ನಿಮಿಷ, ಕಾಲು ಗಂಟೆ, ಒಂದು ಗಂಟೆ. ಹೋಗುವವರು ಹಿಂದಿರುಗುತ್ತಾರೆ ಎಂಬ ನಂಬಿಕೆಯು ಅದಕ್ಕೆ ಹುಟ್ಟಬೇಕು. ನನ್ನ ಕಂಬದ ಮರಿಗೆ ನಾನು ಈ ಅಕ್ಷರಾಭ್ಯಾಸವನ್ನು ಮಾಡಿಸಲಿಲ್ಲ. ಅದು ಕಲಿತದ್ದು ನಂಬಿಕೆಯನ್ನಲ್ಲ, ನಿರಾಶೆಯನ್ನು. ಎರಡೂ ಹೊರಗಿನಿಂದ ನೋಡುವವನಿಗೆ ಒಂದೇ ಮೌನವಾಗಿ ತೋರುತ್ತವೆ.

ಇಷ್ಟನ್ನು ಆಲೋಚಿಸಿ ನಾನು ಮಗನಿಗೆ ಬರೆದ ಉತ್ತರದಲ್ಲಿ ವಿಧಿಯನ್ನೂ ಹಾಕಲಿಲ್ಲ, ನಿಷೇಧವನ್ನೂ ಹಾಕಲಿಲ್ಲ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಗೆರೆಯೆಳೆದು, ಪ್ರತಿಯೊಂದು ಗಂಟೆಯ ಮುಂದೆಯೂ ಮರಿಯ ಬಳಿಯಲ್ಲಿ ಇರುವವರು ಯಾರೆಂದು ಬರೆದು ಕಳುಹಿಸು. ಖಾಲಿ ಉಳಿದ ಗೆರೆಗಳೇ ನಿನ್ನ ಪ್ರಶ್ನೆಗೆ ಉತ್ತರ ಎಂದೆನು. ನಾಲ್ಕು ದಿನಗಳ ಮೇಲೆ ಪಟ್ಟಿ ಬಂದಿತು. ಸೊಸೆಗೆ ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ. ಮಗನು ಒಂದು ದಿನ ಹಾಗೆ ಮಾಡಿಕೊಳ್ಳಬಲ್ಲನು. ಉಳಿದ ಎರಡು ದಿನಗಳಲ್ಲಿ ಹನ್ನೊಂದಕ್ಕೂ ಮೂರಕ್ಕೂ ಬಂದು ಹೋಗಲು, ಕೆಳಗಿನ ಮನೆಯಲ್ಲಿರುವ, ನಾಯಿಗಳನ್ನು ಬಲ್ಲ ಗೃಹಿಣಿಯೊಬ್ಬರು ಸಂಬಳಕ್ಕೆ ಒಪ್ಪಿದ್ದಾರೆ. ಆದರೆ ಮೊದಲ ಎರಡು ತಿಂಗಳ ಗೆರೆಗಳು ಖಾಲಿಯಾಗಿಯೇ ಉಳಿದಿದ್ದವು. "ಅಪ್ಪಾ, ಇದು ನಮ್ಮಿಂದ ಆಗುವಂತಿಲ್ಲ. ಮಗಳಿಗೆ ಹೇಳಿದ್ದೇನೆ. ಮುಂದೆ ಎಂದಾದರೂ ಬೆಳೆದ ನಾಯಿಯೊಂದಕ್ಕೆ, ಬೀದಿಯಲ್ಲಿ ದಿಕ್ಕಿಲ್ಲದ ಒಂದಕ್ಕೆ ಮನೆ ಕೊಡೋಣ ಎಂದಿದ್ದೇವೆ" ಎಂದು ಕೆಳಗೆ ಬರೆದಿದ್ದನು.

ಆ ಉತ್ತರವನ್ನು ಓದಿ ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಅವನ ವಯಸ್ಸಿನಲ್ಲಿ ನನಗೆ ಇಲ್ಲದಿದ್ದ ವಿವೇಕ ಅದು. ಬೆಳೆದ ನಾಯಿಯನ್ನು ಪೊರೆಯುವ ಆಲೋಚನೆಯು ದುಡಿಯುವವರ ಮನೆಗೆ ನಿಜವಾಗಿಯೂ ಹೆಚ್ಚು ಒಪ್ಪುವಂಥದು. ಆದರೂ ಆ ಪಟ್ಟಿಯನ್ನು ಮತ್ತೊಮ್ಮೆ ಮುಂದಿಟ್ಟುಕೊಂಡಾಗ ನನಗೊಂದು ಮಾತು ಹೊಳೆಯಿತು. ಸಾಮರ್ಥ್ಯವೆಂದರೆ ಹೊತ್ತು ಎಂದು ನಾನೇ ಹೇಳಿದೆನಷ್ಟೆ. ಹೊತ್ತು ಯಾರ ಬಳಿಯಿದೆ? ನಿವೃತ್ತನಾದ ನನ್ನ ಬಳಿ ಬೇಕಾದಷ್ಟಿದೆ. ಅಧಿಕಾರವನ್ನು ಬೋಧಿಸುವವನು ತನ್ನ ಕೈಯಲ್ಲಿರುವ ಸಾಮರ್ಥ್ಯವನ್ನು ಬಚ್ಚಿಟ್ಟುಕೊಂಡು ಮಕ್ಕಳ ಅಸಾಮರ್ಥ್ಯವನ್ನು ಎಣಿಸುವುದು ಸರಿಯಲ್ಲ.

ಹೆಂಡತಿಯೊಡನೆ ಮಾತನಾಡಿದೆನು. "ಈ ಸಲ ಕಂಬಕ್ಕೆ ಕಟ್ಟದಿದ್ದರೆ ನಾನೂ ಬರುತ್ತೇನೆ" ಎಂದಳು. ಆ ಮರಿಯನ್ನು ಅವಳು ಮರೆತಿರಲಿಲ್ಲ. ದೀಪಾವಳಿಯ ಪಟಾಕಿಗಳ ಗದ್ದಲವು ಕಳೆದ ಮೇಲೆ ನಾವಿಬ್ಬರೂ ಪಟ್ಟಣಕ್ಕೆ ಹೋಗಿ ಎರಡು ತಿಂಗಳು ಇರುವುದೆಂದು ಗೊತ್ತಾಗಿದೆ. ಕೊನೆಯ ಮೂರು ವಾರಗಳಲ್ಲಿ ನಾವು ಸ್ವಲ್ಪ ಸ್ವಲ್ಪವಾಗಿ ಹಿಂದೆ ಸರಿದು, ಕೆಳಗಿನ ಮನೆಯವರೂ ಮಗನೂ ಸೊಸೆಯೂ ಮುಂದೆ ಬರಬೇಕು. ಇಲ್ಲವಾದರೆ ನಾವು ಹೊರಡುವ ದಿನವೇ ಅದಕ್ಕೆ ಹೊಸದೊಂದು ಅಗಲಿಕೆಯಾಗುತ್ತದೆ. ಮೊಮ್ಮಗಳು ಈಗಲೇ ಗೋಡೆಯ ಮೇಲೆ ಆ ಗೆರೆಗಳ ಪಟ್ಟಿಯನ್ನು ಅಂಟಿಸಿದ್ದಾಳಂತೆ. ಹನ್ನೊಂದು ಗಂಟೆಯ ಗೆರೆಯ ಮುಂದೆ ತನ್ನ ಅಕ್ಷರದಲ್ಲಿಯೇ "ತಾತ" ಎಂದು ಬರೆದಿರುವಳೆಂದು ಮಗನು ತಿಳಿಸಿದ್ದಾನೆ.